ಓದುಗರ ಗಣಿತ ಪ್ರಶ್ನೆಗಳು: ಲಂಬರೇಖೆಯ ಸಮೀಕರಣ

ಒಂದು ಸರಳರೇಖೆಗೆ ಲಂಬವಾಗಿರುವ ಇನ್ನೊಂದು ರೇಖೆಯ ಸಮೀಕರಣವನ್ನು ಕಂಡುಹಿಡಿಯುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಳ್ಳಲಾಗಿದೆ. ಉತ್ತರಗಳಲ್ಲಿ ಬಿಂದುವಿನ ಅಡ್ಡ ನಿರ್ದೇಶಾಂಕವನ್ನು ಕ್ಷ ಎಂದೂ ಎತ್ತರದ ನಿರ್ದೇಶಾಂಕವನ್ನು ಯ ಎಂದೂ ಬರೆದಿದೆ. ಬೇರೆ ರೀತಿ ಹೇಳದ ಕಡೆಯಲ್ಲೆಲ್ಲ ಎರಡು ಅಕ್ಷಗಳೂ ಪರಸ್ಪರ ಲಂಬವಾಗಿವೆ ಮತ್ತು ಎರಡರ ಮೇಲೂ ಒಂದೇ ಅಳತೆಯಿದೆ ಎಂದು ಭಾವಿಸಬೇಕು. ಒಂದೇ ಅಳತೆ ಏಕೆ ಬೇಕೆಂಬ ವಿಚಾರ ಮುಂದಿನ ಪ್ರಶ್ನೆಯೊಂದರಲ್ಲಿ ಬರುತ್ತದೆ.

ಪ್ರಶ್ನೆ: 3ಕ್ಷ − 4ಯ + 7 = 0 ಎಂಬ ರೇಖೆಗೆ ಲಂಬವಾಗಿ, (2, −1) ಬಿಂದುವಿನ ಮೂಲಕ ಹಾದುಹೋಗುವ ರೇಖೆಯ ಸಮೀಕರಣವನ್ನು ಪರೀಕ್ಷೆಯಲ್ಲಿ ಕೇಳಿದ್ದರು. ನಾನು 3ಕ್ಷ + 4ಯ − 2 = 0 ಎಂದು ಬರೆದೆ, ನನ್ನ ಗೆಳತಿ 4ಕ್ಷ − 3ಯ − 11 = 0 ಎಂದು ಬರೆದಳು. ಎರಡು ರೇಖೆಗಳೂ ಕೊಟ್ಟ ಬಿಂದುವಿನ ಮೂಲಕವೇ ಹೋಗುತ್ತವೆ ಎಂಬುದನ್ನು ತಾಳೆ ನೋಡಿದ್ದೇವೆ. ಆದರೂ ಇಬ್ಬರಿಗೂ ಅಂಕ ಸಿಗಲಿಲ್ಲ. ತಪ್ಪಿದ್ದು ಎಲ್ಲಿ? (ಒಬ್ಬ ವಿದ್ಯಾರ್ಥಿನಿ)

ಉತ್ತರ: ಮೊದಲು ಸರಿಯಾದ ದಾರಿಯನ್ನು ನೋಡೋಣ. ಕೊಟ್ಟಿರುವ ಸಮೀಕರಣವನ್ನು ಯ ಒಂದೇ ಎಡಗಡೆ ಉಳಿಯುವಂತೆ ಬರೆದರೆ ಯ = (3/4)ಕ್ಷ + 7/4 ಎಂದಾಗುತ್ತದೆ, ಅಂದರೆ ಆ ರೇಖೆಯ ಇಳಿಜಾರು 3/4. ಲಂಬರೇಖೆಯ ಇಳಿಜಾರನ್ನು ಪಡೆಯಲು ಈ ಸಂಖ್ಯೆಯ ಮೇಲೆ ಎರಡು ಕೆಲಸ ಮಾಡಬೇಕು: ಅಂಶ ಮತ್ತು ಛೇದಗಳನ್ನು ಅದಲುಬದಲು ಮಾಡಬೇಕು, ಜೊತೆಗೆ ಚಿಹ್ನೆಯನ್ನೂ ಬದಲಿಸಬೇಕು. ಆಗ −4/3 ಬರುತ್ತದೆ. ಈ ಇಳಿಜಾರಿನಲ್ಲಿ (2, −1) ಬಿಂದುವಿನ ಮೂಲಕ ಸಾಗುವ ರೇಖೆ ಯ + 1 = (−4/3)(ಕ್ಷ − 2); ಎರಡೂ ಕಡೆ 3ರಿಂದ ಗುಣಿಸಿ ಜೋಡಿಸಿದರೆ 4ಕ್ಷ + 3ಯ − 5 = 0.

ನೀವು ಚಿಹ್ನೆಯನ್ನು ಬದಲಿಸಿ ಅಲ್ಲಿಗೇ ನಿಲ್ಲಿಸಿದ್ದೀರಿ, ನಿಮ್ಮ ಗೆಳತಿ ವ್ಯುತ್ಕ್ರಮ ತೆಗೆದುಕೊಂಡು ಚಿಹ್ನೆಯನ್ನು ಮರೆತಿದ್ದಾರೆ. ಎರಡೂ ಅರ್ಧ ಕೆಲಸಗಳೇ. ಆದರೆ ಚಿತ್ರ ಬರೆದು ನೋಡಿದರೆ ಎರಡು ತಪ್ಪುಗಳೂ ಒಂದೇ ತೂಕದವಲ್ಲ. ನಿಮ್ಮ ರೇಖೆ ಮೂಲ ರೇಖೆಯೊಡನೆ ಸುಮಾರು 74 ಡಿಗ್ರಿ ಕೋನ ಮಾಡುತ್ತದೆ, ಗೆಳತಿಯ ರೇಖೆ ಸುಮಾರು 16 ಡಿಗ್ರಿ. ಗೆಳತಿಯ ತಪ್ಪನ್ನು ಕೈಯಲ್ಲಿ ಗೀಚಿದ ಚಿತ್ರವೂ ಹಿಡಿದುಕೊಡುತ್ತದೆ. ನಿಮ್ಮದು ಮಾತ್ರ ಅವಸರದ ಚಿತ್ರದಲ್ಲಿ ಲಂಬವೆಂದೇ ಕಣ್ಣಿಗೆ ತೋರಬಹುದು. ಇಳಿಜಾರು 1ಕ್ಕೆ ಹತ್ತಿರವಿದ್ದಷ್ಟೂ ಈ ಮೋಸ ಹೆಚ್ಚು, ಏಕೆಂದರೆ ಇಳಿಜಾರು ಸರಿಯಾಗಿ 1 ಆಗಿದ್ದಾಗ ಚಿಹ್ನೆ ಬದಲಿಸುವುದೊಂದೇ ಸಾಕು, 1ರ ವ್ಯುತ್ಕ್ರಮ 1 ತಾನೆ. ಮೊದಲ ಪಾಠದಲ್ಲಿ ಇಳಿಜಾರು 1 ಇರುವ ರೇಖೆಯನ್ನೇ ಉದಾಹರಣೆಯಾಗಿ ಕೊಡುವ ಪುಸ್ತಕಗಳು ವಿದ್ಯಾರ್ಥಿಗಳಿಗೆ ಉಪಕಾರ ಮಾಡುವುದಿಲ್ಲ ಎಂದು ನನಗೆ ಅನ್ನಿಸುವುದು ಇದೇ ಕಾರಣಕ್ಕೆ.

ನೀವು ನೋಡಿದ ತಾಳೆಯ ಬಗ್ಗೆಯೂ ಒಂದು ಮಾತು. ಬಿಂದುವಿನ ನಿರ್ದೇಶಾಂಕಗಳನ್ನು ಆದೇಶಿಸಿ ಸೊನ್ನೆ ಬಂತೆಂದರೆ ರೇಖೆ ಆ ಬಿಂದುವಿನ ಮೂಲಕ ಹೋಗುತ್ತದೆ ಎಂದು ಮಾತ್ರ ಸಿದ್ಧವಾಗುತ್ತದೆ, ಅದು ಯಾವ ದಿಕ್ಕಿನಲ್ಲಿ ಹೋಗುತ್ತದೆಂದು ತಿಳಿಯುವುದಿಲ್ಲ. ದಿಕ್ಕಿಗೆ ಬೇರೆಯದೇ ತಾಳೆ ಬೇಕು: ಎರಡು ಸಮೀಕರಣಗಳ ಕ್ಷ ಸಹಗುಣಕಗಳನ್ನು ಪರಸ್ಪರ ಗುಣಿಸಿ, ಯ ಸಹಗುಣಕಗಳನ್ನು ಪರಸ್ಪರ ಗುಣಿಸಿ, ಎರಡನ್ನೂ ಕೂಡಿಸಿದರೆ ಸೊನ್ನೆ ಬರಬೇಕು. ಸರಿಯಾದ ಉತ್ತರಕ್ಕೆ 3 × 4 + (−4) × 3 = 0. ನಿಮ್ಮ ಉತ್ತರಕ್ಕೆ 9 − 16 = −7, ಗೆಳತಿಯದಕ್ಕೆ 12 + 12 = 24. ಅರ್ಧ ನಿಮಿಷದ ಕೆಲಸ, ಉತ್ತರ ಪತ್ರಿಕೆಯ ಅಂಚಿನಲ್ಲೇ ಮಾಡಿ ಮುಗಿಸಬಹುದು.

ಪ್ರಶ್ನೆ: ಎರಡು ರೇಖೆಗಳ ನಡುವಿನ ಕೋನದ ಸೂತ್ರದಲ್ಲಿ ಛೇದದ ಸ್ಥಾನದಲ್ಲಿ 1 + ಮ × ನ ಇರುತ್ತದೆ (ಮ ಮತ್ತು ನ ಎರಡು ಇಳಿಜಾರುಗಳು). ಟ್ಯಾನ್ 90 ಡಿಗ್ರಿಗೆ ಬೆಲೆ ಇಲ್ಲ, ಆದ್ದರಿಂದ ಛೇದ ಸೊನ್ನೆಯಾಗಬೇಕು, ಆದ್ದರಿಂದ ಮ × ನ = −1 ಎಂದು ನಮಗೆ ಹೇಳಿಕೊಟ್ಟರು. ಬೆಲೆಯೇ ಇಲ್ಲದ ಒಂದರಿಂದ −1 ಎಂಬ ಖಚಿತ ಬೆಲೆ ಹೇಗೆ ಹೊರಟಿತು ಎಂದು ನನಗೆ ಈಗಲೂ ಸಮಾಧಾನವಾಗಿಲ್ಲ. (ಗಣಿತವನ್ನು ಮತ್ತೆ ಓದುತ್ತಿರುವ ಓದುಗರೊಬ್ಬರು)

ಉತ್ತರ: ನಿಮಗೆ ಸಮಾಧಾನವಾಗದಿರುವುದು ನ್ಯಾಯವೇ. ಆ ವಾದವನ್ನು ಎಚ್ಚರಿಕೆಯಿಂದ ಬರೆದರೆ ತಪ್ಪಿಲ್ಲ, ಟ್ಯಾನ್ ಬದಲು ಕೊಟ್ಯಾನ್ ತೆಗೆದುಕೊಂಡರೆ 90 ಡಿಗ್ರಿಯಲ್ಲಿ ಅದರ ಬೆಲೆ ಸೊನ್ನೆಯೆಂದು ನೇರವಾಗಿಯೇ ಹೇಳಬಹುದು. ಆದರೆ ಇಷ್ಟು ಸರಳವಾದ ಸಂಗತಿಗೆ ತ್ರಿಕೋನಮಿತಿಯ ಸಂಕಲನ ಸೂತ್ರವನ್ನು ಕರೆತರುವ ಅಗತ್ಯವೇ ಇಲ್ಲ. ಲಂಬವೆಂದರೆ ಕಾಲು ಸುತ್ತು. ಆ ಕಾಲು ಸುತ್ತನ್ನು ಚೌಕಳಿ ಹಾಳೆಯ ಮೇಲೆ ಕಣ್ಣಾರೆ ನೋಡಿದರೆ ಸಾಕು.

ಮೇಲಿನ ಪ್ರಶ್ನೆಯ ರೇಖೆಯನ್ನೇ ಇಟ್ಟುಕೊಳ್ಳಿ. ಅದರ ಇಳಿಜಾರು 3/4, ಅಂದರೆ ರೇಖೆಯ ಮೇಲಿನ ಯಾವುದೇ ಬಿಂದುವಿನಿಂದ ಬಲಕ್ಕೆ 4 ಚೌಕ, ಮೇಲಕ್ಕೆ 3 ಚೌಕ ಸರಿದರೆ ಮತ್ತೆ ರೇಖೆಯ ಮೇಲೇ ಇರುತ್ತೇವೆ. ಈಗ ಹಾಳೆಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು ತಿರುಗಿಸಿ. ಬಲಕ್ಕೆ ಹೋಗುತ್ತಿದ್ದದ್ದು ಮೇಲಕ್ಕೆ ಹೋಗುತ್ತದೆ, ಮೇಲಕ್ಕೆ ಹೋಗುತ್ತಿದ್ದದ್ದು ಎಡಕ್ಕೆ ಹೋಗುತ್ತದೆ. ಹಾಗಾಗಿ ಬಲಕ್ಕೆ 4 ಎಂಬುದು ಮೇಲಕ್ಕೆ 4 ಆಯಿತು, ಮೇಲಕ್ಕೆ 3 ಎಂಬುದು ಎಡಕ್ಕೆ 3 ಆಯಿತು. ಹೊಸ ರೇಖೆಯ ಇಳಿಜಾರು 4 ಭಾಗಿಸು −3. ಅದಲುಬದಲು ಏಕಾಯಿತು, ಋಣ ಚಿಹ್ನೆ ಎಲ್ಲಿಂದ ಬಂತು ಎಂಬ ಎರಡಕ್ಕೂ ಉತ್ತರ ಈ ಒಂದು ತಿರುವಿನಲ್ಲೇ ಇದೆ: ಅಡ್ಡ ಮತ್ತು ಎತ್ತರ ಸ್ಥಾನ ಬದಲಿಸಿಕೊಂಡವು, ಅವುಗಳಲ್ಲೊಂದು ಹಿಮ್ಮುಖವಾಯಿತು. ಗಡಿಯಾರದ ದಿಕ್ಕಿನಲ್ಲೇ ತಿರುಗಿಸಿದರೆ ಬಲಕ್ಕೆ 3, ಕೆಳಕ್ಕೆ 4 ಬರುತ್ತದೆ. ರೇಖೆ ಅದೇ, ಇಳಿಜಾರೂ ಅದೇ. ಸಾಮಾನ್ಯವಾಗಿ ಹೇಳುವುದಾದರೆ (ತ, ದ) ಎಂಬ ಸರಿತ ಕಾಲು ಸುತ್ತಿನ ನಂತರ (−ದ, ತ) ಆಗುತ್ತದೆ, ದ/ತ ಎಂಬ ಇಳಿಜಾರು −ತ/ದ ಆಗುತ್ತದೆ, ಎರಡರ ಗುಣಲಬ್ಧ −1.

ಆ 1 ಎಂಬ ಸಂಖ್ಯೆಯನ್ನು ಚಿತ್ರದಲ್ಲೇ ಬೊಟ್ಟು ಮಾಡಿ ತೋರಿಸುವ ಇನ್ನೊಂದು ಸಾಧನೆಯಿದೆ, ನನಗೆ ಅದೇ ಹೆಚ್ಚು ಇಷ್ಟ. ಮೂಲಬಿಂದುವಿನ ಮೂಲಕ ಪರಸ್ಪರ ಲಂಬವಾದ ಎರಡು ರೇಖೆಗಳನ್ನು ಎಳೆಯಿರಿ, ಅವುಗಳ ಇಳಿಜಾರುಗಳು ಮ ಮತ್ತು ನ ಆಗಿರಲಿ. ಬಳಿಕ ಕ್ಷ = 1 ಎಂಬ ನೆಟ್ಟಗಿನ ರೇಖೆಯನ್ನು ಎಳೆಯಿರಿ. ಅದು ಮೊದಲ ರೇಖೆಯನ್ನು (1, ಮ) ಬಿಂದುವಿನಲ್ಲೂ ಎರಡನೆಯದನ್ನು (1, ನ) ಬಿಂದುವಿನಲ್ಲೂ ಕತ್ತರಿಸುತ್ತದೆ, ಏಕೆಂದರೆ ಒಂದು ಮಾನ ಬಲಕ್ಕೆ ಸರಿದಾಗ ಎಷ್ಟು ಏರುತ್ತೇವೆ ಎಂಬುದೇ ಇಳಿಜಾರು. ಈ ಎರಡು ಬಿಂದುಗಳೂ ಮೂಲಬಿಂದುವೂ ಸೇರಿ ಒಂದು ಲಂಬಕೋನ ತ್ರಿಭುಜವಾಗುತ್ತದೆ, ಲಂಬಕೋನ ಇರುವುದು ಮೂಲಬಿಂದುವಿನಲ್ಲಿ. ಅಲ್ಲಿಂದ ವಿಕರ್ಣಕ್ಕೆ ಎಳೆದ ಲಂಬವೆಂದರೆ ಕ್ಷ-ಅಕ್ಷದ ಮೇಲಿನ (0, 0)ದಿಂದ (1, 0)ವರೆಗಿನ ತುಂಡು, ಅದರ ಉದ್ದ 1. ಲಂಬಕೋನದ ಶೃಂಗದಿಂದ ವಿಕರ್ಣಕ್ಕೆ ಇಳಿಸಿದ ಲಂಬದ ವರ್ಗವು ವಿಕರ್ಣದ ಎರಡು ತುಂಡುಗಳ ಗುಣಲಬ್ಧಕ್ಕೆ ಸಮ ಎಂಬುದು ಯೂಕ್ಲಿಡನ ಆರನೆಯ ಸಂಪುಟದ 8ನೆಯ ಪ್ರಮೇಯದಿಂದ ನೇರವಾಗಿ ಬರುವ ಫಲ. ಇಲ್ಲಿ ಒಂದು ತುಂಡು ಅಕ್ಷದ ಮೇಲಿದೆ, ಇನ್ನೊಂದು ಕೆಳಗಿದೆ. ಮ ಧನವಾಗಿದ್ದರೆ ತುಂಡುಗಳ ಉದ್ದ ಮ ಮತ್ತು −ನ. ಆದ್ದರಿಂದ 1 = ಮ × (−ನ). ಅಂದರೆ −1ರಲ್ಲಿರುವ 1 ಆ ಲಂಬದ ಉದ್ದದ ವರ್ಗ, ಋಣ ಚಿಹ್ನೆ ಎರಡು ಬಿಂದುಗಳು ಅಕ್ಷದ ಎರಡು ಬದಿಗಳಲ್ಲಿವೆ ಎಂಬುದರ ಗುರುತು.

ಇದರ ವಿಲೋಮವೂ ಬೇಕು: ಗುಣಲಬ್ಧ −1 ಆಗಿದ್ದರೆ ರೇಖೆಗಳು ಲಂಬವಾಗಿಯೇ ಇರುತ್ತವೆಯೇ? ಅದೇ ತ್ರಿಭುಜಕ್ಕೆ ಪೈಥಾಗೊರಸ್ ಪ್ರಮೇಯವನ್ನು ಹಚ್ಚಿ ನೋಡಿ. ಮೂಲಬಿಂದುವಿನಲ್ಲಿ ಸೇರುವ ಎರಡು ಬಾಹುಗಳ ವರ್ಗಗಳು 1 + ಮ² ಮತ್ತು 1 + ನ², ಎದುರಿನ ಬಾಹುವಿನ ವರ್ಗ (ಮ − ನ)². ಮೊದಲೆರಡರ ಮೊತ್ತ ಮೂರನೆಯದಕ್ಕೆ ಸಮವಾಗಬೇಕಾದರೆ 2 = −2 × ಮ × ನ ಆಗಬೇಕು, ಅಂದರೆ ಮ × ನ = −1. ಪೈಥಾಗೊರಸ್ ಪ್ರಮೇಯವೂ ಅದರ ವಿಲೋಮವೂ ಸತ್ಯವಾದ್ದರಿಂದ ಈ ನಿಯಮವೂ ಎರಡು ದಿಕ್ಕಿನಲ್ಲೂ ನಿಲ್ಲುತ್ತದೆ. ಎಲ್ಲಿಯೂ ಬೆಲೆಯಿಲ್ಲದ ಯಾವುದನ್ನೂ ಮುಟ್ಟಬೇಕಾಗಲಿಲ್ಲ.

ಪ್ರಶ್ನೆ: ಕ್ಷ = 5 ಎಂಬ ರೇಖೆಗೆ ಲಂಬವಾಗಿ (−3, 2) ಬಿಂದುವಿನ ಮೂಲಕ ಹೋಗುವ ರೇಖೆಯನ್ನು ಕೇಳಿದರೆ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ‘ಸೊನ್ನೆ × ಅನಂತ = −1’ ಎಂದು ಬರೆಯುತ್ತಾರೆ. ಉತ್ತರ ಸರಿಯಾಗಿಯೇ ಬಂದಿರುತ್ತದೆ. ಇದಕ್ಕೆ ಅಂಕ ಕೊಡಬೇಕೆ? ಇಂಥ ಅಪವಾದವಿಲ್ಲದ ವಿಧಾನವೊಂದಿದ್ದರೆ ತಿಳಿಸಿ. (ಒಬ್ಬ ಶಿಕ್ಷಕರು)

ಉತ್ತರ: ಉತ್ತರಕ್ಕೆ ಕೊಡಿ, ಆ ಸಾಲಿಗೆ ಕೊಡಬೇಡಿ. ನೆಟ್ಟಗಿನ ರೇಖೆಗೆ ಇಳಿಜಾರೆಂಬುದೇ ಇಲ್ಲ, ಅದರ ಮೇಲಿನ ಎರಡು ಬಿಂದುಗಳ ನಡುವೆ ಅಡ್ಡ ವ್ಯತ್ಯಾಸ ಸೊನ್ನೆಯಾದ್ದರಿಂದ ಭಾಗಾಕಾರವೇ ನಡೆಯುವುದಿಲ್ಲ. ಗುಣಲಬ್ಧ −1 ಎಂಬ ನಿಯಮ ಹೊರಡುವುದೇ ಎರಡು ರೇಖೆಗಳಿಗೂ ಇಳಿಜಾರಿದೆ ಎಂಬ ಷರತ್ತಿನಿಂದ. ಕ್ಷ = 5 ನೆಟ್ಟಗಿದೆ, ಅದಕ್ಕೆ ಲಂಬವಾದದ್ದು ಅಡ್ಡಗೆರೆ, (−3, 2)ರ ಮೂಲಕ ಹೋಗುವ ಅಡ್ಡಗೆರೆ ಯ = 2. ಇಷ್ಟೇ ಬರೆದರೆ ಸಾಕಿತ್ತು.

ನೀವು ಕೇಳಿದ ಅಪವಾದವಿಲ್ಲದ ವಿಧಾನ ಖಂಡಿತ ಇದೆ, ಅದನ್ನೇ ಮೊದಲು ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ರೇಖೆಯನ್ನು ಗ·ಕ್ಷ + ಚ·ಯ + ಟ = 0 ಎಂಬ ಸಾಮಾನ್ಯ ರೂಪದಲ್ಲಿಯೇ ಇಟ್ಟುಕೊಳ್ಳಿ. ಕ್ಷ ಮತ್ತು ಯ ಸಹಗುಣಕಗಳನ್ನು ಅದಲುಬದಲು ಮಾಡಿ, ಅವುಗಳಲ್ಲಿ ಒಂದರ ಚಿಹ್ನೆಯನ್ನು ಬದಲಿಸಿದರೆ ಚ·ಕ್ಷ − ಗ·ಯ = ಡ ಎಂಬ ಲಂಬರೇಖೆಗಳ ಸಮೂಹ ಸಿಗುತ್ತದೆ. ಬಲಗಡೆಯ ಡ ಯಾವುದೇ ಸಂಖ್ಯೆಯಾಗಿದ್ದರೂ ರೇಖೆ ಲಂಬವಾಗಿಯೇ ಇರುತ್ತದೆ, ಬಿಂದುವನ್ನು ಕೊಟ್ಟಾಗ ಮಾತ್ರ ಡ ನಿಗದಿಯಾಗುತ್ತದೆ. ಮೊದಲ ಪ್ರಶ್ನೆಯಲ್ಲಿ 3 ಮತ್ತು −4 ಇದ್ದವು; ಅದಲುಬದಲು ಮಾಡಿ ಒಂದರ ಚಿಹ್ನೆ ಬದಲಿಸಿದರೆ 4ಕ್ಷ + 3ಯ = ಡ, (2, −1) ಆದೇಶಿಸಿದರೆ ಡ = 8 − 3 = 5. ಭಿನ್ನರಾಶಿಯೇ ಬರಲಿಲ್ಲ. ನಿಮ್ಮ ಉದಾಹರಣೆಯಲ್ಲಿ ಸಹಗುಣಕಗಳು 1 ಮತ್ತು 0, ಅದಲುಬದಲಾದಾಗ 0 ಮತ್ತು −1, ಹಾಗಾಗಿ −ಯ = ಡ, ಬಿಂದುವನ್ನು ಆದೇಶಿಸಿದಾಗ ಡ = −2, ಅಂದರೆ ಯ = 2. ಯಾವ ವಿಶೇಷ ಸಂದರ್ಭವನ್ನೂ ಬೇರೆಯಾಗಿ ನೆನಪಿಡಬೇಕಿಲ್ಲ.

ಇದು ಏಕೆ ಸರಿಯೆಂದು ವಿದ್ಯಾರ್ಥಿಗಳು ಕೇಳಿದರೆ ಹೀಗೆ ತೋರಿಸಬಹುದು. ರೇಖೆಯ ಮೇಲೆ ಎರಡು ಬಿಂದುಗಳನ್ನು ತೆಗೆದುಕೊಂಡು ಎರಡಕ್ಕೂ ಸಮೀಕರಣವನ್ನು ಬರೆದು ಕಳೆದರೆ ಟ ಹೊರಟುಹೋಗುತ್ತದೆ, ಗ × (ಅಡ್ಡ ವ್ಯತ್ಯಾಸ) + ಚ × (ಎತ್ತರದ ವ್ಯತ್ಯಾಸ) = 0 ಎಂಬುದು ಉಳಿಯುತ್ತದೆ. ಅಂದರೆ ರೇಖೆಯ ಉದ್ದಕ್ಕೆ ಇಡುವ ಪ್ರತಿಯೊಂದು ಹೆಜ್ಜೆಯೂ (ಗ, ಚ) ಎಂಬ ದಿಕ್ಕಿಗೆ ಲಂಬವಾಗಿದೆ. ಬಹಳಷ್ಟು ಮಂದಿ ಸಹಗುಣಕಗಳನ್ನು ಬರಿಯ ಲೆಕ್ಕದ ಸಾಮಗ್ರಿಯೆಂದು ನೋಡುತ್ತಾರೆ. ಆದರೆ ಸಮೀಕರಣದ ಮುಖದ ಮೇಲೆಯೇ ಲಂಬದ ದಿಕ್ಕು ಬರೆದಿರುತ್ತದೆ. 3ಕ್ಷ − 4ಯ + 7 = 0 ಎಂಬ ರೇಖೆಗೆ ಲಂಬವಾಗಿ ಹೋಗಬೇಕೆಂದರೆ ಬಲಕ್ಕೆ 3, ಕೆಳಕ್ಕೆ 4 ಹೋಗಬೇಕು. ಹೊಸದಾಗಿ ಏನನ್ನೂ ಲೆಕ್ಕ ಹಾಕಬೇಕಾಗಿಲ್ಲ.

ಪ್ರಶ್ನೆ: ಲಂಬರೇಖೆಯ ಸಮೀಕರಣ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಅದು ಮೂಲ ರೇಖೆಯನ್ನು ಸಂಧಿಸುವ ಬಿಂದುವನ್ನು, ಅಂದರೆ ಲಂಬಪಾದವನ್ನು, ಗ್ರಾಫ್ ಹಾಳೆಯಲ್ಲಿ ನೋಡಿಯೇ ಬರೆಯಬಹುದೆ?

ಉತ್ತರ: ಬರೆಯಬಾರದು, ಅದಕ್ಕೆ ಮೊದಲ ಪ್ರಶ್ನೆಯ ರೇಖೆಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. (2, −1)ರಿಂದ 3ಕ್ಷ − 4ಯ + 7 = 0 ರೇಖೆಗೆ ಲಂಬವನ್ನು ಎಳೆದು ನೋಡಿದರೆ ಅದರ ಪಾದ ಯ-ಅಕ್ಷದ ಮೇಲೆ, (0, 1.75)ರಲ್ಲಿ, ಬಿದ್ದಂತೆ ಕಾಣುತ್ತದೆ. ಅನುಮಾನ ಬಂದು ಆ ಬಿಂದುವನ್ನು ಸಮೀಕರಣದಲ್ಲಿ ಆದೇಶಿಸಿದರೆ 0 − 7 + 7 = 0, ಅದು ರೇಖೆಯ ಮೇಲೇ ಇದೆ! ದೂರವನ್ನು ಅಳೆದರೂ 3.4 ಎಂದೇ ತೋರುತ್ತದೆ. ಇಷ್ಟಾದರೂ ಅದು ಲಂಬಪಾದವಲ್ಲ.

ನಿಜವಾದ ಪಾದವನ್ನು ಲೆಕ್ಕದಿಂದ ಕಾಣಲು (3, −4) ಎಂಬ ಲಂಬ ದಿಕ್ಕಿನಲ್ಲೇ ನಡೆಯೋಣ. (2, −1)ರಿಂದ ಆ ದಿಕ್ಕಿನಲ್ಲಿ ಸ ಪಾಲು ಸರಿದರೆ (2 + 3ಸ, −1 − 4ಸ) ಎಂಬಲ್ಲಿಗೆ ತಲಪುತ್ತೇವೆ. ಇದನ್ನು ರೇಖೆಯ ಸಮೀಕರಣದಲ್ಲಿ ಆದೇಶಿಸಿದಾಗ 17 + 25ಸ = 0 ಬರುತ್ತದೆ, ಆದ್ದರಿಂದ ಸ = −17/25. ಪಾದದ ನಿರ್ದೇಶಾಂಕಗಳು (−1/25, 43/25), ದಶಮಾಂಶದಲ್ಲಿ (−0.04, 1.72). ದೂರ 17/5, ಅಂದರೆ ಸರಿಯಾಗಿ 3.4. ತಪ್ಪು ಬಿಂದುವಿನವರೆಗಿನ ದೂರದ ವರ್ಗ 4 + 7.5625 = 11.5625, ಆದರೆ 3.4ರ ವರ್ಗ 11.56. ದೂರಗಳ ನಡುವಿನ ವ್ಯತ್ಯಾಸ ನಾಲ್ಕನೆಯ ದಶಮಾಂಶದಲ್ಲಿ ಮಾತ್ರ ತಲೆ ತೋರಿಸುತ್ತದೆ. ಇದು ಆಕಸ್ಮಿಕವೇನಲ್ಲ: ಲಂಬಪಾದದ ಅಕ್ಕಪಕ್ಕದಲ್ಲಿ ರೇಖೆಯ ಮೇಲೆ ಸ್ವಲ್ಪ ಸರಿದರೆ ದೂರ ಬಹಳ ನಿಧಾನವಾಗಿ ಬೆಳೆಯುತ್ತದೆ, ಏಕೆಂದರೆ ಕನಿಷ್ಠ ದೂರ ಇರುವುದೇ ಅಲ್ಲಿ. ಆದ್ದರಿಂದ ಅಳೆದು ಪಾದವನ್ನು ಹುಡುಕುವವರಿಗೆ ದೂರ ಚೆನ್ನಾಗಿಯೇ ಸಿಗುತ್ತದೆ, ಪಾದ ಮಾತ್ರ ಜಾರಿಹೋಗುತ್ತದೆ.

ಇದೇ ನಡಿಗೆಯನ್ನು ಅಕ್ಷರಗಳಲ್ಲಿ ಮಾಡಿದರೆ ಬಿಂದುವಿನಿಂದ ರೇಖೆಗಿರುವ ದೂರದ ಪ್ರಸಿದ್ಧ ಸೂತ್ರ ಸಿಗುತ್ತದೆ: ಬಿಂದುವನ್ನು ಸಮೀಕರಣದ ಎಡಗಡೆಯಲ್ಲಿ ಆದೇಶಿಸಿದಾಗ ಬಂದ ಸಂಖ್ಯೆಯ ಧನ ಬೆಲೆಯನ್ನು ಗ² + ಚ² ಎಂಬುದರ ವರ್ಗಮೂಲದಿಂದ ಭಾಗಿಸಬೇಕು. ಇಲ್ಲಿ ಆ ಸಂಖ್ಯೆ 17, ವರ್ಗಮೂಲ 5.

ಪ್ರಶ್ನೆ: ಯ = 2ಕ್ಷ ಮತ್ತು ಯ = −ಕ್ಷ/2 ಎಂಬ ರೇಖೆಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಬರೆಸಿದೆ. ಗುಣಲಬ್ಧ −1 ಇದ್ದರೂ ಅವು ಲಂಬವಾಗಿ ಕಾಣಲಿಲ್ಲ. ಕೋನಮಾಪಕವನ್ನು ಪರದೆಗೆ ಹಿಡಿದಾಗ 60 ಡಿಗ್ರಿಯ ಆಸುಪಾಸು ಬಂತು. ತಂತ್ರಾಂಶದ ದೋಷವೇ?

ಉತ್ತರ: ದೋಷವಲ್ಲ, ಅಳತೆಗಳ ಭೇದ. ಚೌಕಟ್ಟು ತುಂಬಿಕೊಳ್ಳಲೆಂದು ತಂತ್ರಾಂಶಗಳು ಎರಡು ಅಕ್ಷಗಳಿಗೆ ಬೇರೆ ಬೇರೆ ಅಳತೆ ಕೊಡುವುದು ಸಾಮಾನ್ಯ. ಅಡ್ಡ ಅಕ್ಷದಲ್ಲಿ 1 ಸೆಂಟಿಮೀಟರ್ ಎಂದರೆ 1 ಮಾನ, ನೆಟ್ಟಗಿನ ಅಕ್ಷದಲ್ಲಿ 1 ಸೆಂಟಿಮೀಟರ್ ಎಂದರೆ 2 ಮಾನ ಇದ್ದರೆ ಪರದೆಯ ಮೇಲೆ ಎತ್ತರಗಳೆಲ್ಲ ಅರ್ಧಕ್ಕೆ ಇಳಿಯುತ್ತವೆ. ಆಗ ಇಳಿಜಾರು 2 ಇದ್ದ ರೇಖೆ ಪರದೆಯಲ್ಲಿ 1ರ ಇಳಿಜಾರಿನಲ್ಲಿಯೂ −1/2 ಇದ್ದದ್ದು −1/4ರ ಇಳಿಜಾರಿನಲ್ಲಿಯೂ ಕಾಣುತ್ತದೆ. ಮೊದಲನೆಯದು ಅಡ್ಡಗೆರೆಯಿಂದ ಮೇಲಕ್ಕೆ 45 ಡಿಗ್ರಿ, ಎರಡನೆಯದು ಕೆಳಕ್ಕೆ ಸುಮಾರು 14 ಡಿಗ್ರಿ, ಒಟ್ಟು ಸುಮಾರು 59 ಡಿಗ್ರಿ. ನಿಮ್ಮ ಕೋನಮಾಪಕ ಸರಿಯಾಗಿಯೇ ಓದಿದೆ. ಎರಡು ಅಕ್ಷಗಳಿಗೂ ಒಂದೇ ಅಳತೆ ಇರುವಂತೆ ಹೊಂದಿಸಿದರೆ 90 ಡಿಗ್ರಿ ಬರುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಸಮಾನಾಂತರ ರೇಖೆಗಳು ಅಳತೆ ಹೇಗೆ ಬದಲಾದರೂ ಸಮಾನಾಂತರವಾಗಿಯೇ ಉಳಿಯುತ್ತವೆ, ಲಂಬರೇಖೆಗಳು ಹಾಗೆ ಉಳಿಯುವುದಿಲ್ಲ. ಅಕ್ಷಗಳಿಗೇ ಸಮಾನಾಂತರವಾಗಿರುವ ಜೋಡಿಗಳು ಮಾತ್ರ ಪಾರಾಗುತ್ತವೆ. ಅಡ್ಡ ಅಕ್ಷದಲ್ಲಿ ಸೆಕೆಂಡುಗಳೂ ಇನ್ನೊಂದರಲ್ಲಿ ಮೀಟರುಗಳೂ ಇರುವ ನಕ್ಷೆಯಲ್ಲಿ ಎರಡು ರೇಖೆಗಳು ಲಂಬವಾಗಿವೆಯೇ ಎಂದು ಕೇಳುವುದೇ ಅರ್ಥಹೀನ. ಅಲ್ಲಿ ಇಳಿಜಾರೆಂದರೆ ವೇಗ, ಎರಡು ವೇಗಗಳ ಗುಣಲಬ್ಧ −1 ಎಂಬ ಬರಿಯ ಸಂಖ್ಯೆಯಾಗಲು ಸಾಧ್ಯವಿಲ್ಲ. ಹಾಗೆಯೇ ಅಕ್ಷಗಳನ್ನು ಓರೆಯಾಗಿ ಎಳೆದುಕೊಂಡರೂ ಈ ನಿಯಮ ಮುರಿಯುತ್ತದೆ.

ಪ್ರಶ್ನೆ: (1, 2) ಮತ್ತು (5, −4) ಬಿಂದುಗಳನ್ನು ಸೇರಿಸುವ ರೇಖಾಖಂಡದ ಲಂಬಾರ್ಧಕವನ್ನು ಇಳಿಜಾರಿನ ಸಹಾಯವಿಲ್ಲದೆ ಬರೆಯಲು ಬರುತ್ತದೆಯೇ?

ಉತ್ತರ: ಬರುತ್ತದೆ. ಲಂಬಾರ್ಧಕದ ಮೇಲಿನ ಪ್ರತಿಯೊಂದು ಬಿಂದುವೂ ಎರಡು ತುದಿಗಳಿಂದ ಸಮದೂರದಲ್ಲಿದೆ ಎಂಬುದನ್ನಷ್ಟೇ ಬರೆಯಿರಿ: (ಕ್ಷ − 1)² + (ಯ − 2)² = (ಕ್ಷ − 5)² + (ಯ + 4)². ಬಿಡಿಸಿದಾಗ ವರ್ಗಪದಗಳು ಎರಡೂ ಕಡೆಯಿಂದ ಹೊರಟುಹೋಗಿ 8ಕ್ಷ − 12ಯ − 36 = 0 ಉಳಿಯುತ್ತದೆ, ಅಂದರೆ 2ಕ್ಷ − 3ಯ − 9 = 0. ಮಧ್ಯಬಿಂದು (3, −1) ಇದರ ಮೇಲಿದೆಯೆಂದು ನೋಡಿಕೊಳ್ಳಿ. ತ್ರಿಭುಜದ ಪರಿಕೇಂದ್ರವನ್ನು ಹುಡುಕುವಾಗ ಈ ದಾರಿ ಬಹಳ ಶ್ರಮ ಉಳಿಸುತ್ತದೆ.

ಪ್ರಶ್ನೆ: ಕಲನಶಾಸ್ತ್ರ ಹುಟ್ಟುವ ಮೊದಲೇ ವಕ್ರರೇಖೆಗಳಿಗೆ ಲಂಬ ಎಳೆಯುವ ವಿಧಾನವನ್ನು ಡೇಕಾರ್ಟ್ ಕಂಡುಹಿಡಿದಿದ್ದ ಎಂದು ಓದಿದ್ದೇನೆ. ವಕ್ರಕ್ಕೆ ಲಂಬವೆಂದರೆ ಸ್ಪರ್ಶಕಕ್ಕೆ ಲಂಬ, ಸ್ಪರ್ಶಕಕ್ಕೆ ಅವಕಲನ ಬೇಕು. ಅದಿಲ್ಲದೆ ಹೇಗೆ ಸಾಧ್ಯವಾಯಿತು? (ಪದವಿ ತರಗತಿಯ ವಿದ್ಯಾರ್ಥಿ)

ಉತ್ತರ: ನೀವು ಓದಿದ್ದು ನಿಜ. 1637ರಲ್ಲಿ ಪ್ರಕಟವಾದ ತನ್ನ ಜ್ಯಾಮಿತಿ ಗ್ರಂಥದ ಎರಡನೆಯ ಭಾಗದಲ್ಲಿ ರೆನೆ ಡೇಕಾರ್ಟ್ ಈ ಸಮಸ್ಯೆಯನ್ನು ಎತ್ತಿಕೊಳ್ಳುತ್ತಾನೆ, ಜ್ಯಾಮಿತಿಯಲ್ಲಿ ತಾನು ಬಲ್ಲ ಸಮಸ್ಯೆಗಳಲ್ಲೆಲ್ಲ ಅತ್ಯಂತ ಉಪಯುಕ್ತವೂ ವ್ಯಾಪಕವೂ ಆದದ್ದು ಇದೇ ಎಂದು ಹೇಳುತ್ತಾನೆ. ಸ್ಪರ್ಶಕವನ್ನು ಮೊದಲು ಕಂಡು ಅದಕ್ಕೆ ಲಂಬ ಎಳೆಯುವ ಇಂದಿನ ಕ್ರಮವನ್ನು ಅವನು ತಲೆಕೆಳಗು ಮಾಡಿದ: ಲಂಬವನ್ನೇ, ಅಂದರೆ ಅಭಿಲಂಬವನ್ನೇ, ಮೊದಲು ಹಿಡಿದ. ಅದಕ್ಕೆ ಬಳಸಿದ ಉಪಕರಣ ವೃತ್ತ. ವೃತ್ತದ ತ್ರಿಜ್ಯ ಅದರ ಪರಿಧಿಗೆ ಯಾವಾಗಲೂ ಲಂಬ. ಆದ್ದರಿಂದ ಕೊಟ್ಟ ಬಿಂದುವಿನಲ್ಲಿ ವಕ್ರರೇಖೆಯನ್ನು ಕತ್ತರಿಸದೆ ಕೇವಲ ಮುಟ್ಟುವ ವೃತ್ತವೊಂದನ್ನು ಕಂಡುಕೊಂಡರೆ ಆ ಬಿಂದುವಿಗೆ ಹೋಗುವ ತ್ರಿಜ್ಯವೇ ವಕ್ರಕ್ಕೆ ಅಭಿಲಂಬ.

ಯ = ಕ್ಷ² ಎಂಬ ಪರವಲಯದ ಮೇಲಿನ (1, 1) ಬಿಂದುವಿನಲ್ಲಿ ಈ ವಿಧಾನವನ್ನು ನಡೆಸಿ ನೋಡೋಣ. ಕೇಂದ್ರವನ್ನು ಯ-ಅಕ್ಷದ ಮೇಲೆ (0, ಹ) ಎಂದಿಟ್ಟುಕೊಂಡರೆ ವೃತ್ತದ ಸಮೀಕರಣ ಕ್ಷ² + (ಯ − ಹ)² = ರ², ಇಲ್ಲಿ ರ ಎಂಬುದು ತ್ರಿಜ್ಯ. ಪರವಲಯದ ಮೇಲೆ ಕ್ಷ²ರ ಬದಲು ಯ ಬರೆಯಬಹುದಾದ್ದರಿಂದ, ಎರಡೂ ಸಂಧಿಸುವ ಬಿಂದುಗಳ ಎತ್ತರಗಳು ಯ² + (1 − 2ಹ)ಯ + ಹ² − ರ² = 0 ಎಂಬ ವರ್ಗ ಸಮೀಕರಣದ ಮೂಲಗಳು. ವೃತ್ತ ವಕ್ರವನ್ನು ಕತ್ತರಿಸಿದರೆ ಎರಡು ಬೇರೆ ಬೇರೆ ಮೂಲಗಳಿರುತ್ತವೆ, ಕೇವಲ ಮುಟ್ಟಿದರೆ ಎರಡೂ ಒಂದಾಗುತ್ತವೆ. ಮುಟ್ಟಬೇಕಾದ ಎತ್ತರ 1 ಆದ್ದರಿಂದ ಎರಡು ಮೂಲಗಳೂ 1, ಅವುಗಳ ಮೊತ್ತ 2. ಸಮೀಕರಣದ ಪ್ರಕಾರ ಮೊತ್ತ 2ಹ − 1. ಹಾಗಾಗಿ ಹ = 3/2. ಅಭಿಲಂಬ (0, 3/2) ಮತ್ತು (1, 1) ಬಿಂದುಗಳನ್ನು ಸೇರಿಸುತ್ತದೆ, ಅದರ ಇಳಿಜಾರು −1/2, ಸಮೀಕರಣ ಕ್ಷ + 2ಯ − 3 = 0. ಅವಕಲನದಿಂದ ಬರುವ ಸ್ಪರ್ಶಕದ ಇಳಿಜಾರು 2, ಗುಣಲಬ್ಧ −1. ಎರಡು ಬೇರೆ ದಾರಿಗಳು ಒಂದೇ ರೇಖೆಗೆ ಬಂದು ಸೇರಿದವು.

ಪರವಲಯಕ್ಕೆ ಇದು ಸೊಗಸಾಗಿದೆ, ಆದರೆ ವಕ್ರದ ಘಾತ ಏರಿದಂತೆಲ್ಲ ‘ಎರಡು ಮೂಲಗಳು ಒಂದಾಗಲಿ’ ಎಂಬ ಷರತ್ತನ್ನು ಬಿಡಿಸುವ ಬೀಜಗಣಿತ ವಿಪರೀತ ಬೆಳೆಯುತ್ತದೆ. ಮುಂದೆ ಕಲನಶಾಸ್ತ್ರ ಈ ವಿಧಾನವನ್ನು ಬದಿಗೆ ಸರಿಸಿದ್ದು ಅದು ತಪ್ಪೆಂದಲ್ಲ, ಬಹಳ ದುಡಿಸುತ್ತದೆ ಎಂದು.

ಪ್ರಶ್ನೆ: ಸಮತಲದಲ್ಲಿ ಒಂದು ಬಿಂದುವಿನ ಮೂಲಕ ಒಂದು ರೇಖೆಗೆ ಒಂದೇ ಲಂಬ. ಮೂರು ಆಯಾಮಗಳಲ್ಲಿಯೂ ಹೀಗೆಯೇ ಒಂದೇ ಸಮೀಕರಣದಿಂದ ಅದನ್ನು ಬರೆಯಬಹುದೆ?

ಉತ್ತರ: ಅಲ್ಲಿ ಎರಡು ಪ್ರಶ್ನೆಗಳು ಬೇರೆಯಾಗುತ್ತವೆ. ಮೂರನೆಯ ನಿರ್ದೇಶಾಂಕವನ್ನು ಜ ಎನ್ನೋಣ. ಮೂಲಬಿಂದುವಿನಿಂದ (1, 2, 2) ದಿಕ್ಕಿನಲ್ಲಿ ಸಾಗುವ ರೇಖೆಯನ್ನೂ (3, 0, 0) ಬಿಂದುವನ್ನೂ ತೆಗೆದುಕೊಳ್ಳಿ. ಆ ಬಿಂದುವಿನಿಂದ ರೇಖೆಯ ದಿಕ್ಕಿಗೆ ಲಂಬವಾಗಿ ಅಸಂಖ್ಯ ರೇಖೆಗಳು ಹೊರಡುತ್ತವೆ, ಅವೆಲ್ಲ ಸೇರಿ ಕ್ಷ + 2ಯ + 2ಜ = 3 ಎಂಬ ಸಮತಲವಾಗುತ್ತವೆ. ಅಂದರೆ ಒಂದೇ ಸಮೀಕರಣ ಇಲ್ಲಿ ರೇಖೆಯನ್ನಲ್ಲ, ಸಮತಲವನ್ನು ಕೊಡುತ್ತದೆ. ಆ ಸಮತಲದ ರೇಖೆಗಳಲ್ಲಿ ಮೂಲ ರೇಖೆಯನ್ನು ನಿಜವಾಗಿ ಸಂಧಿಸುವುದು ಒಂದೇ. ಮೂಲ ರೇಖೆಯ ಮೇಲಿನ (ಸ, 2ಸ, 2ಸ) ಎಂಬ ಬಿಂದುವನ್ನು ಸಮತಲದ ಸಮೀಕರಣದಲ್ಲಿ ಆದೇಶಿಸಿದರೆ 9ಸ = 3, ಹಾಗಾಗಿ ಪಾದ (1/3, 2/3, 2/3). (3, 0, 0)ಕ್ಕೂ ಪಾದಕ್ಕೂ ಇರುವ ವ್ಯತ್ಯಾಸ (8/3, −2/3, −2/3), ಅಂದರೆ ದಿಕ್ಕು (4, −1, −1). ಈ ಲಂಬರೇಖೆಯನ್ನು ಸಮೀಕರಣಗಳಲ್ಲಿ ಬರೆಯಬೇಕಾದರೆ ಎರಡು ಬೇಕು: ಯ = ಜ ಮತ್ತು ಕ್ಷ + 4ಯ = 3.